ವಿ-ಕ್ರಾಸ್ ಪಿಕಪ್‌ಗೆ ಡ್ಯುಯಲ್ ಸೈಲೆನ್ಸರ್: ಯಾವ ಲೇಔಟ್, ಎಷ್ಟು ಇಂಚಿನ ಪೈಪು?

ಕಾಫಿಕಣ:
ಎಲ್ಲರಿಗೂ ನಮಸ್ಕಾರ. ಗಾಡಿ ಇಸುಜು ವಿ-ಕ್ರಾಸ್ 1.9 ಡೀಸೆಲ್, ಬಿಎಸ್6, ವೈಟ್ ಬೋರ್ಡ್. ಓಡಾಟ ಹೆಚ್ಚಾಗಿ ಸಿದ್ದಾಪುರ ಸುತ್ತಮುತ್ತಲ ತೋಟದ ದಾರಿಗಳಲ್ಲಿ, ಗೊಬ್ಬರ ಮತ್ತು ಕಾಫಿ ಮೂಟೆ ಹೇರಿಕೊಂಡು. ಆಗಾಗ ಸಂಪಾಜೆ ಘಾಟಿ ಇಳಿದು ಮಂಗಳೂರಿಗೂ ಹೋಗುತ್ತದೆ. ಸೈಲೆನ್ಸರ್ ಬಾಕ್ಸ್ ಕೆಳಗಡೆ ತುಕ್ಕು ಹಿಡಿದು ತೂತಾಗಿದೆ, ಹೇಗೂ ಬದಲಿಸಬೇಕು. ಅದರ ಜೊತೆಗೇ ಡ್ಯುಯಲ್ ಮಾಡಿಸುವ ಆಲೋಚನೆ ಇದೆ. ಹಿಂದೆ ಎರಡೂ ಪಕ್ಕಕ್ಕೆ ಒಂದೊಂದು ಬಿಡಬೇಕಾ, ಒಂದೇ ಪಕ್ಕದಲ್ಲಿ ಜೋಡಿ ಬಿಡಬೇಕಾ? ಪೈಪು ಎಷ್ಟು ಇಂಚು? 304 ಸ್ಟೇನ್‌ಲೆಸ್ ಹಾಕಿದರೆ ನಮ್ಮ ಮಳೆ ತಡೆಯುತ್ತದಾ? ಗಾಡಿ ಸ್ವಲ್ಪ ಜಾಸ್ತಿ ಎಳೆಯುತ್ತದೆ ಅಂತಲೂ ಹೇಳುತ್ತಾರೆ, ಅದು ನಿಜವಾ?

ಟಿಗ್‌ಟಾರ್ಚ್:
ಎಳೆಯುವ ವಿಷಯ ಮೊದಲು ಮುಗಿಸೋಣ ಸರ್, ಯಾಕೆಂದರೆ ಉಳಿದದ್ದೆಲ್ಲ ಅದರ ಮೇಲೇ ನಿಂತಿದೆ. ಡ್ಯುಯಲ್‌ನಿಂದ ಲಾಭ ಇರುವುದು ವಿ6, ವಿ8 ಇಂಜಿನ್‌ಗಳಿಗೆ. ಅಲ್ಲಿ ಎರಡು ಸಿಲಿಂಡರ್ ಸಾಲು, ಎರಡು ಮ್ಯಾನಿಫೋಲ್ಡ್ ಇರುತ್ತವೆ, ಪ್ರತಿ ಸಾಲಿಗೂ ಅದರದ್ದೇ ಪೈಪು ಹಿಂದಿನ ತನಕ ಹೋಗುತ್ತದೆ. ಹೊರದೇಶದ ವೀಡಿಯೊಗಳಲ್ಲಿ ಕಾಣುವ ಹೆಚ್-ಪೈಪು, ಎಕ್ಸ್-ಪೈಪು ಎಲ್ಲ ಆ ಎರಡು ಸಾಲುಗಳನ್ನು ಒಂದಕ್ಕೊಂದು ಜೋಡಿಸಲಿಕ್ಕೆ. ನಮ್ಮಲ್ಲಿ ಓಡುವ ವಿ-ಕ್ರಾಸ್, ಹೈಲಕ್ಸ್, ಬೊಲೆರೊ ಪಿಕಪ್, ಯೋಧ ಎಲ್ಲವೂ ಒಂದೇ ಸಾಲಿನ ನಾಲ್ಕು ಸಿಲಿಂಡರ್ ಟರ್ಬೊ ಡೀಸೆಲ್. ಎಲ್ಲ ಗ್ಯಾಸೂ ಒಂದೇ ಟರ್ಬೊ ದಾಟಿ ಒಂದೇ ಬಾಯಲ್ಲಿ ಹೊರಗೆ ಬರುತ್ತದೆ. ಆಮೇಲೆ ಡಿಒಸಿ (ಹೊಗೆ ಶುದ್ಧ ಮಾಡುವ ಕ್ಯಾಟಲಿಸ್ಟ್), ಡಿಪಿಎಫ್ (ಮಸಿ ಹಿಡಿಯುವ ಫಿಲ್ಟರ್). ತಡೆ ಇರುವುದು ಅಲ್ಲಿ, ಅದನ್ನು ಮುಟ್ಟುವ ಹಾಗಿಲ್ಲ. ಡಿಪಿಎಫ್ ಹಿಂದೆ ವೈ (ಒಂದನ್ನು ಎರಡಾಗಿ ಒಡೆಯುವ ಕವಲು) ಹಾಕಿ ಎರಡು ಮಾಡಿದ ಮಾತ್ರಕ್ಕೆ ಸ್ಟೀರಿಂಗ್ ಹಿಂದೆ ಕೂತವರಿಗೆ ಗೊತ್ತಾಗುವಷ್ಟು ಶಕ್ತಿ ಬರುವುದಿಲ್ಲ. ನೋಟಕ್ಕೆ, ಸ್ವಲ್ಪ ಸದ್ದಿಗೆ, ಅಥವಾ ಟೋ ಹುಕ್ಕಿಗೆ ಜಾಗ ಬಿಡಲಿಕ್ಕೆ ಡ್ಯುಯಲ್ ಮಾಡಿಸಿ. ಶಕ್ತಿಗಾಗಿ ಬೇಡ.

ಸೈಜಿಗೆ ಬರೋಣ. ಇಂಚಿನ ಲೆಕ್ಕ ಮಾತ್ರ ನೋಡಿದರೆ ಮೋಸ ಹೋಗುತ್ತೇವೆ, ಒಳಗಿನ ವಿಸ್ತೀರ್ಣ ನೋಡಬೇಕು. 1.5 ಮಿ.ಮೀ. ದಪ್ಪದ ಪೈಪಿನಲ್ಲಿ ಎರಡೂವರೆ ಇಂಚಿನದ್ದಕ್ಕೆ ಒಳವಿಸ್ತೀರ್ಣ ಸುಮಾರು 2,875 ಚದರ ಮಿ.ಮೀ. ಒಂದೂಮುಕ್ಕಾಲು ಇಂಚಿನ ಎರಡು ಪೈಪು ಸೇರಿದರೆ ಸುಮಾರು 2,700, ಅಂದರೆ ಒಂದು ಎರಡೂವರೆಗಿಂತ ಕಡಿಮೆಯೇ. ಎರಡು ಇಂಚಿನ ಎರಡು ಪೈಪು ಸೇರಿದರೆ 3,590. ಎರಡೂಕಾಲಿನ ಜೋಡಿಗೆ 4,600 ಆಗುತ್ತದೆ, ಅದು ಮೂರು ಇಂಚಿನ ಒಂದೇ ಪೈಪಿಗಿಂತಲೂ ದೊಡ್ಡದು. 1.9 ಇಂಜಿನ್‌ಗೆ ಅಷ್ಟು ದಂಡ. ಡಿಪಿಎಫ್‌ನಿಂದ ಸೈಲೆನ್ಸರ್ ಬಾಕ್ಸ್ ತನಕ ಎರಡೂವರೆ, ಬಾಕ್ಸ್ ಆದಮೇಲೆ ಎರಡು ಇಂಚಿನ ಜೋಡಿ, ಇದಕ್ಕಿಂತ ಹೆಚ್ಚು ಬೇಡ. ಹಿಂದೆ ಹೋದ ಹಾಗೆ ಗ್ಯಾಸ್ ತಣ್ಣಗಾಗಿ ಕುಗ್ಗುತ್ತದೆ, ಆದ್ದರಿಂದ ಬಾಲಕ್ಕೆ ದೊಡ್ಡ ಪೈಪು ಬೇಕಾಗಿಲ್ಲ.

ಘಾಟಿಗೇರ್:
ಸೈಜ್ ದೊಡ್ಡದಾದರೆ ಬ್ಯಾಕ್ ಪ್ರೆಷರ್ ಹೋಗಿ ಲೋ ಎಂಡ್ ಟಾರ್ಕ್ ಬಿದ್ದುಹೋಗುತ್ತದೆ ಅಂತಾರಲ್ಲ ಅಣ್ಣ? ಘಾಟಿ ಹತ್ತುವವರಿಗೆ ಅದೇ ಮುಖ್ಯ.

ಟಿಗ್‌ಟಾರ್ಚ್:
ಆ ಮಾತು ಟರ್ಬೊ ಇಲ್ಲದ ಪೆಟ್ರೋಲ್ ಇಂಜಿನ್‌ನಿಂದ ಬಂದದ್ದು. ಅಲ್ಲಿಯೂ ಬೇಕಿರುವುದು ಗ್ಯಾಸಿನ ವೇಗ, ಒತ್ತಡ ಅಲ್ಲ. ಟರ್ಬೊ ಡೀಸೆಲ್‌ನಲ್ಲಿ ಟರ್ಬೈನ್ ಆದಮೇಲೆ ಒತ್ತಡ ಎಷ್ಟು ಕಡಿಮೆ ಇದ್ದರೆ ಅಷ್ಟು ಒಳ್ಳೆಯದು, ಟರ್ಬೊ ಬೇಗ ಸುತ್ತುತ್ತದೆ. ಆದ್ದರಿಂದ ದೊಡ್ಡ ಪೈಪಿನಿಂದ ಟಾರ್ಕ್ ಬೀಳುವುದಿಲ್ಲ. ತೊಂದರೆ ಬೇರೆ: ಪೈಪು ದೊಡ್ಡದಾದಷ್ಟು ತೂಕ, ಜಾಗದ ಅಡಚಣೆ, ಮತ್ತು ಎಲ್ಲಕ್ಕಿಂತ ಹೆಚ್ಚಾಗಿ ನೀರು. ಎರಡು ಇಂಚಿನ ಜೋಡಿಯ ಗೋಡೆ ಒಂದು ಎರಡೂವರೆಯದ್ದಕ್ಕಿಂತ ಒಂದೂವರೆ ಪಟ್ಟು ಜಾಸ್ತಿ. ಅಷ್ಟೂ ಗೋಡೆ ತಣ್ಣಗಾಗುತ್ತದೆ, ಅಷ್ಟೂ ಕಡೆ ಆವಿ ನೀರಾಗುತ್ತದೆ. ಮಡಿಕೇರಿ, ಭಾಗಮಂಡಲ ಕಡೆಯ ಜೂನ್ ಜುಲೈ ಚಳಿಯಲ್ಲಿ ಮನೆಯಿಂದ ತೋಟಕ್ಕೆ ಎರಡು ಮೂರು ಕಿಲೋಮೀಟರ್ ಓಡಿ ನಿಲ್ಲಿಸುವ ಗಾಡಿಯ ಬಾಕ್ಸ್ ಪೂರ್ತಿ ಬಿಸಿ ಆಗುವುದೇ ಇಲ್ಲ. ತುಕ್ಕು ಒಳಗಿನಿಂದ ಹೊರಗೆ ಬರುವುದು ಅದಕ್ಕೇ.

ಪಾಟಾಸೆಟ್:
ನನ್ನ ಮತ ಒಂದೇ ಪಕ್ಕದಲ್ಲಿ, ಬಲಗಡೆ, ಜೋಡಿ. ಕಾರಣ ಹೇಳುತ್ತೇನೆ.

ಎರಡೂ ಪಕ್ಕಕ್ಕೆ ಒಂದೊಂದು ಬಿಡಬೇಕಾದರೆ ಒಂದು ಕಾಲು (ಕವಲು ಪೈಪು) ಹಿಂದಿನ ಹೌಸಿಂಗ್ (ಆಕ್ಸಲ್ ಕವಚ) ಮೇಲಿಂದಲೋ ಸ್ಟೆಪ್ನಿ ಮುಂದಿನಿಂದಲೋ ಅಡ್ಡ ದಾಟಬೇಕು. ಹೌಸಿಂಗ್ ಎಂದರೆ ಒಂದೇ ಕಡೆ ನಿಲ್ಲುವ ವಸ್ತು ಅಲ್ಲ. ಖಾಲಿ ಇದ್ದಾಗ ಎಲ್ಲಿರುತ್ತದೆ, ಲೋಡ್ ಆಗಿ ಬಂಪ್ ಸ್ಟಾಪ್‌ಗೆ (ಚಾಸಿಯ ರಬ್ಬರ್ ತಡೆಗೆ) ತಾಗಿದಾಗ ಎಲ್ಲಿಗೆ ಬರುತ್ತದೆ, ಒಂದು ಚಕ್ರ ಗುಂಡಿಗೆ ಬಿದ್ದು ಇನ್ನೊಂದು ಮೇಲಿದ್ದಾಗ ಹೇಗೆ ಓರೆ ಆಗುತ್ತದೆ, ಈ ಮೂರನ್ನೂ ನೋಡದೆ ಪೈಪು ಬಗ್ಗಿಸಬಾರದು. ಲಿಫ್ಟ್ ಮೇಲೆ ಚಾಸಿ ಎತ್ತಿದಾಗ ಹೌಸಿಂಗ್ ಕೆಳಗೆ ಜೋತಾಡುತ್ತದೆ, ಆಗ ಮೇಲೆ ಧಾರಾಳ ಜಾಗ ಇದ್ದ ಹಾಗೆ ಕಾಣುತ್ತದೆ. ಅಲ್ಲೇ ಅಳತೆ ತೆಗೆದು ವೆಲ್ಡ್ ಮಾಡಿದರೆ ಮೊದಲ ಲೋಡಿಗೇ ಟಣಟಣ ಶುರು. ಹೌಸಿಂಗ್ ಕೆಳಗೆ ಜಾಕ್ ಕೊಟ್ಟು, ಬಂಪ್ ಸ್ಟಾಪ್ ತಾಗುವ ತನಕ ಎತ್ತಿ, ಆಮೇಲೆ 40 ಮಿ.ಮೀ. ದಪ್ಪದ ಮರದ ತುಂಡು ಪೈಪಿಗೂ ಹೌಸಿಂಗಿಗೂ ನಡುವೆ ಸಲೀಸಾಗಿ ಹೋಗುತ್ತದಾ ನೋಡಬೇಕು. ಪಾಟಾದ (ಲೀಫ್ ಸ್ಪ್ರಿಂಗ್) ಯು-ಬೋಲ್ಟ್ ತುದಿ, ಶಾಕ್ ಅಬ್ಸಾರ್ಬರ್, ಬ್ರೇಕ್ ಹೋಸ್, ಹ್ಯಾಂಡ್‌ಬ್ರೇಕ್ ಕೇಬಲ್, ಎಬಿಎಸ್ ವೈರು ಇವೆಲ್ಲ ಅದೇ ಜಾಗದಲ್ಲಿ ಓಡಾಡುತ್ತವೆ. ಲೋಡಿಗೆ ತಕ್ಕ ಹಾಗೆ ಬ್ರೇಕ್ ಹಂಚುವ ವಾಲ್ವಿನ ಕಡ್ಡಿ ಇರುವ ಗಾಡಿಯಾದರೆ ಅದಕ್ಕೆ ಪೈಪು ತಾಗುವ ಸಾಧ್ಯತೆಯೇ ಇರಬಾರದು.

ಇನ್ನೊಂದು ವಿಷಯ, ಎರಡು ಕಾಲಿನ ಉದ್ದ. ವೈ ಹಾಕಿದ ಮೇಲೆ ಒಂದು ಕಾಲು ಒಂದೂವರೆ ಮೀಟರ್, ಇನ್ನೊಂದು ಎರಡೂವರೆ ಮೀಟರ್ ಮತ್ತು ಎರಡು ಬೆಂಡ್ ಜಾಸ್ತಿ ಆದರೆ ಗ್ಯಾಸ್ ಸಮ ಪಾಲಾಗಿ ಹೋಗುವುದಿಲ್ಲ. ಸುಲಭದ ದಾರಿಯಲ್ಲೇ ಹೆಚ್ಚು ಹೋಗುತ್ತದೆ. ಉದ್ದದ ಕಾಲು ಯಾವಾಗಲೂ ತಣ್ಣಗೆ, ಯಾವಾಗಲೂ ಒದ್ದೆ. ಡ್ಯುಯಲ್ ಗಾಡಿಗಳಲ್ಲಿ ಒಂದು ಕಡೆ ಮಾತ್ರ ತುಕ್ಕು ಹಿಡಿದು ಉದುರುವುದು ಇದರಿಂದಲೇ. ಸರಿ ಮಾಡಬೇಕಾದರೆ ವೈ ಅನ್ನು ಗಾಡಿಯ ನಡುವಿನಲ್ಲಿ ಇಟ್ಟು ಎರಡೂ ಕಾಲು ಸಮ ಮಾಡಬೇಕು. ಸ್ಟೆಪ್ನಿ ಅದೇ ನಡುವಿನಲ್ಲಿ ನೇತಾಡುತ್ತಿರುತ್ತದೆ. ಸ್ಟೆಪ್ನಿಯನ್ನು ಬೆಡ್ ಮೇಲೆ ಹಾಕಿದರೆ ಮೂಟೆಗೆ ಜಾಗ ಹೋಯಿತು.

ನಾಪೋಕ್ಲು ಫೋರ್‌ವೀಲ್:
ಪಾಟಾಸೆಟ್ ಹೇಳಿದ್ದಕ್ಕೆ ಇನ್ನೊಂದು ಸೇರಿಸಿ. ಮಳೆಗಾಲದಲ್ಲಿ ತೋಡು ದಾಟುವ ಗಾಡಿಗೆ ಎರಡು ಪಕ್ಕದ ಡ್ಯುಯಲ್ ಅಪಾಯ. ಒಂದೇ ಪೈಪಿದ್ದರೆ ಅದರ ಬಾಯಿ ಮುಳುಗಿದರೂ ಇಂಜಿನ್ ಓಡುವ ತನಕ ಗ್ಯಾಸ್ ನೀರನ್ನು ಹೊರಗೆ ತಳ್ಳುತ್ತಾ ಇರುತ್ತದೆ. ಎರಡಿದ್ದು, ಗಾಡಿ ಒಂದು ಪಕ್ಕಕ್ಕೆ ವಾಲಿ ಒಂದು ಬಾಯಿ ಮಾತ್ರ ಮುಳುಗಿದರೆ ಗ್ಯಾಸೆಲ್ಲ ತೆರೆದಿರುವ ಕಡೆಯಿಂದ ಹೋಗಿಬಿಡುತ್ತದೆ. ಮುಳುಗಿದ ಕಾಲಿನಲ್ಲಿ ನೀರು ವೈ ತನಕ ಏರಲಿಕ್ಕೆ ಯಾವ ತಡೆಯೂ ಇಲ್ಲ. ಕೆಸರು ನೀರು ಬಾಕ್ಸ್ ಒಳಗೆ ಹೋದರೆ ಒಳಗಿನ ಸದ್ದು ಹೀರುವ ಉಣ್ಣೆ ಮಣ್ಣು ಕುಡಿದು ಗಟ್ಟಿಯಾಗುತ್ತದೆ. ಹಾಗಾಗಿ ಈ ಭಾಗದಲ್ಲಿ ಯಾರೇ ಡ್ಯುಯಲ್ ಮಾಡಿಸಿದರೂ ಎರಡೂ ಬಾಯಿ ಒಂದೇ ಎತ್ತರದಲ್ಲಿ, ಬಂಪರ್ ಕೆಳ ಅಂಚಿಗಿಂತ ಮೇಲೆ ಇರಲಿ. ಏರಿ ಇಳಿಯುವಾಗ ನೆಲ ಕೆರೆಯುವುದೂ ತಪ್ಪುತ್ತದೆ.

ಕಾಫಿಕಣ:
ಬಲಗಡೆ ಜೋಡಿ ಎನ್ನುವುದು ಮನಸ್ಸಿಗೆ ಹಿಡಿಸುತ್ತಿದೆ. ಗಾಡಿ ಕಣದ ಪಕ್ಕಕ್ಕೇ ರಿವರ್ಸ್ ಬಂದು ಮೂಟೆ ಹೇರುತ್ತದೆ, ಅದರ ಬಗ್ಗೆ ಏನಾದರೂ ನೋಡಬೇಕಾ? ಮೆಟೀರಿಯಲ್ ಬಗ್ಗೆಯೂ ಹೇಳಿ.

ಟಿಗ್‌ಟಾರ್ಚ್:
ಕಣ ಕೇಳಿದ್ದು ಒಳ್ಳೆಯದಾಯಿತು. ಪಾರ್ಚ್‌ಮೆಂಟ್ ಕಾಫಿ ವಾಸನೆ ಬೇಗ ಹಿಡಿಯುತ್ತದೆ, ಡೀಸೆಲ್ ಹೊಗೆಯೂ ಅದಕ್ಕೆ ಹೊರತಲ್ಲ. ಇಂಜಿನ್ ಆನ್ ಇಟ್ಟು ಹರಡಿದ ಕಾಫಿಗೆ ಬಾಲ ತಿರುಗಿಸಿ ನಿಲ್ಲಿಸಬಾರದು, ಸೈಲೆನ್ಸರ್ ಯಾವುದೇ ಇರಲಿ. ಎರಡನೆಯದು ಬೆಂಕಿ. ಡಿಪಿಎಫ್ ರೀಜನರೇಷನ್ (ಹಿಡಿದ ಮಸಿಯನ್ನು ಸುಡುವ ಕೆಲಸ) ಆಗುವಾಗ ಫಿಲ್ಟರ್ ಒಳಗೆ 600 ಡಿಗ್ರಿ ಆಸುಪಾಸು ಬರುತ್ತದೆ, ಹಿಂದಿನ ಪೈಪೂ ಮಾಮೂಲಿಗಿಂತ ತುಂಬ ಬಿಸಿ ಇರುತ್ತದೆ. ಫೆಬ್ರವರಿ ಮಾರ್ಚಿನಲ್ಲಿ ಸಿಲ್ವರ್ ಓಕ್ ಒಣ ಎಲೆ, ಕಾಫಿ ಹೊಟ್ಟಿನ ರಾಶಿ ಮೇಲೆ ಗಾಡಿ ನಿಲ್ಲಿಸಬೇಡಿ. ಬಾಯಿ ಕೆಳಕ್ಕೆ ಬಗ್ಗಿಸಿದ ಟಿಪ್ ಅಂತೂ ಬೇಡವೇ ಬೇಡ.

ಮೆಟೀರಿಯಲ್. 304 ಶಾಶ್ವತ ಎನ್ನುವುದು ನಮ್ಮ ತೋಟದ ಗಾಡಿಗೆ ಪೂರ್ತಿ ನಿಜ ಅಲ್ಲ. ಮಳೆ ನೀರನ್ನು ಅದು ತಡೆಯುತ್ತದೆ. ತಡೆಯದೇ ಇರುವುದು ಕ್ಲೋರೈಡ್. ನಾವು ಹಾಕುವ ಪೊಟ್ಯಾಷ್ ಎಂದರೆ ಪೊಟ್ಯಾಸಿಯಮ್ ಕ್ಲೋರೈಡ್. ಮೂಟೆ ಹರಿದು ಬೆಡ್ ಮೇಲೆ ಚೆಲ್ಲಿ, ಮಳೆಗೆ ಕರಗಿ, ಬಿಸಿ ಪೈಪಿನ ಮೇಲೆ ತೊಟ್ಟಿಕ್ಕಿ ಒಣಗಿದರೆ 304ರಲ್ಲೂ ಸೂಜಿ ಚುಚ್ಚಿದಂಥ ತೂತು ಬೀಳುತ್ತದೆ. ನಿಮ್ಮ ಬಾಕ್ಸ್‌ನ ಗತಿಗೆ ಇದೂ ಒಂದು ಕಾರಣ ಇರಬಹುದು, ಮೇಲ್ಭಾಗದಲ್ಲೂ ಗುಳಿ ಬಿದ್ದಿದೆಯಾ ನೋಡಿ. ಬೋರ್ಡೋ ದ್ರಾವಣಕ್ಕೆ ಮೈಲುತುತ್ತ ಕರಗಿಸಿದ ಡ್ರಮ್ ಸಾಗಿಸುವವರು ಇನ್ನೂ ಜಾಗ್ರತೆ. ಸುಣ್ಣ ಸೇರಿಸದ ತುತ್ತದ ನೀರು ಕಬ್ಬಿಣವನ್ನೂ ತಿನ್ನುತ್ತದೆ, ಅಲ್ಯುಮಿನೈಸ್ಡ್ ಪೈಪಿನ ಲೇಪವನ್ನೂ ತಿನ್ನುತ್ತದೆ. ಗೊಬ್ಬರ ಹೇರಿದ ದಿನ ಬೆಡ್ ತೊಳೆಯುವಾಗ ಪೈಪು ಆರಿರಲಿ, ಕೆಳಗಿನಿಂದಲೂ ಸಾದಾ ನೀರು ಹೊಡೆಯಿರಿ. ಬೆಡ್ಡಿನ ಡ್ರೈನ್ ತೂತು ಪೈಪಿನ ನೆತ್ತಿಗೆ ಬಂದರೆ ಒಂದು ರಬ್ಬರ್ ನಳಿಕೆ ಕೊಟ್ಟು ಪಕ್ಕಕ್ಕೆ ತಿರುಗಿಸಿ.

ನನ್ನ ಆಯ್ಕೆ: ಪೈಪು ಮತ್ತು ಬಾಕ್ಸ್ ಹೊರಕವಚ 304, ದಪ್ಪ 1.5 ಮಿ.ಮೀ. ಬಜೆಟ್ ಸಾಲದಿದ್ದರೆ 409 ಎಂಬ ಇನ್ನೊಂದು ಬಗೆಯ ಸ್ಟೇನ್‌ಲೆಸ್. ಇದಕ್ಕೆ ಮ್ಯಾಗ್ನೆಟ್ ಅಂಟುತ್ತದೆ, ಹೊರಗೆ ಕಂದು ಬಣ್ಣ ಬರುತ್ತದೆ, ಆದರೆ ಬೇಗ ತೂತಾಗುವುದಿಲ್ಲ. ಕಂಪನಿ ಸೈಲೆನ್ಸರ್‌ಗಳಲ್ಲಿ ಹೆಚ್ಚಾಗಿ ಇರುವುದು ಇದೇ ಜಾತಿ. 304 ಬಿಸಿಗೆ ಜಾಸ್ತಿ ಹಿಗ್ಗುತ್ತದೆ. ಎರಡು ಮೀಟರ್ ಪೈಪು 200 ಡಿಗ್ರಿ ಏರಿದರೆ ಸುಮಾರು 7 ಮಿ.ಮೀ. ಉದ್ದ ಆಗುತ್ತದೆ, 409 ಆದರೆ ನಾಲ್ಕೂವರೆ. ಹ್ಯಾಂಗರ್‌ಗಳನ್ನು ಚಾಸಿಗೆ ಬಿಗಿದು ಕಟ್ಟಿದರೆ ಆ 7 ಮಿ.ಮೀ. ಎಲ್ಲಿಗೆ ಹೋಗಬೇಕು? ವೆಲ್ಡ್ ಪಕ್ಕದಲ್ಲೇ ಬಿರುಕು ಬಿಡುತ್ತದೆ. ರಬ್ಬರ್ ಹ್ಯಾಂಗರ್ ಮಾತ್ರ ಬಳಸಿ.

ಎಫ್‌ಸಿ ಫೈಲು:
ಕಾನೂನಿನ ಮಾತು ಯಾರೂ ಎತ್ತಲಿಲ್ಲ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಪ್ರಕಾರ ಕಂಪನಿ ಕೊಟ್ಟ ವಿವರಕ್ಕೆ ವ್ಯತ್ಯಾಸ ಬರುವ ಹಾಗೆ ಗಾಡಿ ಮಾರ್ಪಡಿಸುವಂತಿಲ್ಲ, 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಪ್ರಕಾರ ಅನುಮತಿ ಇಲ್ಲದ ಮಾರ್ಪಾಡು ಒಂದಕ್ಕೆ ಮಾಲೀಕನಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳ ತನಕ ಸೆರೆ, ಅಥವಾ ಎರಡೂ. ಸದ್ದು ಮತ್ತು ಹೊಗೆಯ ಮಿತಿ ಮೀರಿದರೆ 190(2), ಅಲ್ಲಿ ದಂಡ 10,000ದ ತನಕ.

ಲೇಔಟ್‌ಗೆ ನೇರ ತಾಗುವುದು ಕೇಂದ್ರ ಮೋಟಾರು ವಾಹನ ನಿಯಮಗಳು. 112ನೇ ನಿಯಮದಂತೆ ಹೊಗೆ ಕೆಳಕ್ಕೂ ಎಡಕ್ಕೂ ಬಿಡಬಾರದು, ಹಿಂದಕ್ಕೆ ಅಥವಾ ಬಲಕ್ಕೆ ಬಿಡಬೇಕು. ಹಿಂದಿನ ಚಕ್ರದ ಮುಂದೆ ಎರಡೂ ಪಕ್ಕಕ್ಕೆ ಬಾಯಿ ಬಿಡುವ ಡ್ಯುಯಲ್ ಇದೆಯಲ್ಲ, ಅದರ ಎಡಗಡೆಯದ್ದು ಇಲ್ಲಿಗೇ ರದ್ದು. ಎಡಬದಿ ಎಂದರೆ ನಮ್ಮಲ್ಲಿ ಜನ ನಡೆಯುವ ಬದಿ, ಬಸ್ಸಿಗೆ ಕಾಯುವ ಮಕ್ಕಳ ಬದಿ. 113ನೇ ನಿಯಮದಂತೆ ಇಂಧನದ ಲೈನಿಗೂ ಸೈಲೆನ್ಸರ್ ಪೈಪಿಗೂ ಕನಿಷ್ಠ 35 ಮಿ.ಮೀ. ಅಂತರ ಇರಬೇಕು. ನನ್ನ ಕೇಳಿದರೆ ಅದರ ದುಪ್ಪಟ್ಟು ಬಿಡಿ, ಮಧ್ಯೆ ಹೀಟ್ ಶೀಲ್ಡ್ ಹಾಕಿ.

ನಾನು ಹೇಳುವುದಿಷ್ಟು: ಕಂಪನಿಯ ಬಾಕ್ಸ್ ಅನ್ನೇ ತಂದು ಹಾಕಿ, ಬಾಲದ ಕೊನೆಗೆ ಮಾತ್ರ ಜೋಡಿ ಟಿಪ್ ಕೊಟ್ಟರೆ ಸದ್ದೂ ಹೊಗೆಯೂ ಮೊದಲಿನಂತೆಯೇ ಇರುತ್ತವೆ. ನಿಮಗೆ ಬೇಕಿರುವುದರಲ್ಲಿ ಮುಕ್ಕಾಲು ಪಾಲು ಸಿಗುತ್ತದೆ.

ಪಾಟಾಸೆಟ್:
ಎಫ್‌ಸಿ ಫೈಲು ಸರ್ ಹೇಳಿದ್ದನ್ನು ಒಪ್ಪುತ್ತೇನೆ. ಒಂದೇ ತಿದ್ದುಪಡಿ: ಟಿಪ್‌ನ ತೂಕ ಬಾಲದ ತುದಿಯಲ್ಲಿ ಕೂರುತ್ತದೆ. ದಪ್ಪ ಜೋಡಿ ಟಿಪ್ ಹಾಕಿದರೆ ತುದಿಯಿಂದ 300 ಮಿ.ಮೀ. ಒಳಗೆ ಇನ್ನೊಂದು ಹ್ಯಾಂಗರ್ ಬೇಕು. ಇಲ್ಲದಿದ್ದರೆ ತೋಟದ ಕಲ್ಲುದಾರಿಯಲ್ಲಿ ಕುಣಿದು ಕುಣಿದು ಬಾಕ್ಸ್‌ನ ಹಿಂದಿನ ವೆಲ್ಡ್ ಹೋಗುತ್ತದೆ.

ಘಾಟಿಗೇರ್:
ಸದ್ದಿನ ಬಗ್ಗೆ. ಡ್ಯುಯಲ್ ಮಾಡಿಸಿದ ಮೇಲೆ ಎಲ್ಲರೂ ಹೇಳುವ ದೂರು ಹೊರಗಿನ ಸದ್ದಿನದ್ದಲ್ಲ, ಕ್ಯಾಬಿನ್ ಒಳಗಿನ ಗೂಂ ಎನ್ನುವ ಮೊರೆತದ್ದು. ನಾಲ್ಕು ಸಿಲಿಂಡರಿನಲ್ಲಿ ಆರ್‌ಪಿಎಂ ಅನ್ನು 30ರಿಂದ ಭಾಗಿಸಿದರೆ ಮೊರೆತದ ಫ್ರೀಕ್ವೆನ್ಸಿ ಸಿಗುತ್ತದೆ. 2,000 ಆರ್‌ಪಿಎಂಗೆ ಸುಮಾರು 67 ಹರ್ಟ್ಸ್. ಕುಶಾಲನಗರದಿಂದ ಮೈಸೂರಿಗೆ ಒಂದೇ ವೇಗದಲ್ಲಿ ಹೋಗುವಾಗ ಸೂಜಿ ಅಲ್ಲೇ ಆಸುಪಾಸು ನಿಲ್ಲುತ್ತದೆ. ಇದನ್ನು ಪೈಪಿನಿಂದ ಕೊಲ್ಲಲಿಕ್ಕೆ ಒಂದು ಕಡೆ ಮುಚ್ಚಿದ ಸೈಡ್ ಪೈಪು ಹಾಕುತ್ತಾರೆ. 200 ಡಿಗ್ರಿ ಗ್ಯಾಸಿನಲ್ಲಿ ಅದರ ಉದ್ದ ಸುಮಾರು 1.6 ಮೀಟರ್ ಬೇಕು. ಡ್ಯುಯಲ್ ಮಾಡಿದ ಪಿಕಪ್ ಕೆಳಗೆ ಅಷ್ಟು ಜಾಗ ಉಳಿದಿರುವುದಿಲ್ಲ. ಆದ್ದರಿಂದ ಸ್ಟ್ರೈಟ್-ಥ್ರೂ (ಗ್ಯಾಸ್ ನೇರ ಹಾದುಹೋಗುವ) ಬಾಕ್ಸ್ ಬೇಡ. ಒಳಗೆ ಚೇಂಬರ್ ಇರುವ, ಒಂದು ಒಳಬಾಯಿ ಎರಡು ಹೊರಬಾಯಿಯ ದೊಡ್ಡ ಬಾಕ್ಸ್ ಒಂದೇ ಹಾಕಿ. ವೈ ಕೂಡ ಅದರೊಳಗೇ ಮುಗಿಯುತ್ತದೆ. ಎರಡು ಸಣ್ಣ ಬಾಕ್ಸ್‌ಗಿಂತ ತೂಕವೂ ಕಡಿಮೆ.

ಸಿದ್ದಾಪುರ, ಮಾಲ್ದಾರೆ ಕಡೆ ಕಾಡಾನೆ ತೋಟದೊಳಗೇ ಇರುತ್ತದೆ. ಮುಸ್ಸಂಜೆ ತಿರುವಿನಲ್ಲಿ ನಿಮಗೆ ಆನೆ ಗಿಡ ಮುರಿಯುವ ಸದ್ದು ಕೇಳಬೇಕು. ನಿಮ್ಮ ಸೈಲೆನ್ಸರ್ ಸದ್ದಿಗೆ ಅದು ಮುಚ್ಚಿಹೋಗಬಾರದು. ಇದನ್ನು ಮನಸ್ಸಿನಲ್ಲಿಟ್ಟು ಬಾಕ್ಸ್ ಆರಿಸಿ.

ಮೂಟೆಗಾಡಿ:
ನನ್ನದು ಬೊಲೆರೊ ಪಿಕಪ್, ಬಿಎಸ್6, ಯೆಲ್ಲೋ ಬೋರ್ಡ್. ಡಿಪಿಎಫ್ ಲೈಟ್ ಪದೇ ಪದೇ ಬರುತ್ತದೆ. ಡ್ಯುಯಲ್ ಮಾಡಿಸಿ, ಅದೇ ನೆಪದಲ್ಲಿ ಡಿಪಿಎಫ್ ಒಳಗಿನದ್ದನ್ನು ತೆಗೆಸಿದರೆ ಎರಡೂ ಕೆಲಸ ಆಗುತ್ತದೆ ಅನ್ನುತ್ತಿದ್ದಾರೆ.

ಟಿಗ್‌ಟಾರ್ಚ್:
ಬೇಡ ಅಣ್ಣ. ಡಿಪಿಎಫ್ ಮುಂದೆ ಹಿಂದೆ ಒತ್ತಡದ ವ್ಯತ್ಯಾಸ ಅಳೆಯುವ ಸೆನ್ಸರ್ ಇದೆ. ಒಳಗೆ ಖಾಲಿ ಮಾಡಿದರೆ ವ್ಯತ್ಯಾಸ ಸೊನ್ನೆ ಆಗುತ್ತದೆ, ಇಸಿಯು (ಇಂಜಿನ್ ಕಂಪ್ಯೂಟರ್) ಅದನ್ನು ಹಿಡಿದು ಪವರ್ ಇಳಿಸುತ್ತದೆ. ಆಮೇಲೆ ಸಾಫ್ಟ್‌ವೇರ್ ತಿದ್ದಿಸಬೇಕು, ಯೆಲ್ಲೋ ಬೋರ್ಡ್ ಗಾಡಿ ಎಫ್‌ಸಿಯಲ್ಲಿ ಸಿಕ್ಕಿಬೀಳುತ್ತದೆ, ಕಪ್ಪು ಹೊಗೆ ಬೇರೆ. ಲೈಟ್ ಬರುವುದು ಸಣ್ಣ ಸಣ್ಣ ಓಟದಿಂದ. ರೀಜನರೇಷನ್ ಶುರುವಾಗುತ್ತದೆ, ಅರ್ಧದಲ್ಲಿ ಗಾಡಿ ಆಫ್ ಆಗುತ್ತದೆ, ಮಸಿ ಹಾಗೇ ಉಳಿಯುತ್ತದೆ. ವಾರಕ್ಕೊಮ್ಮೆ ಇಪ್ಪತ್ತು ಇಪ್ಪತ್ತೈದು ನಿಮಿಷ ನಿಲ್ಲಿಸದೆ, 2,000 ಆರ್‌ಪಿಎಂ ಮೇಲೆ ಹೆದ್ದಾರಿಯಲ್ಲಿ ಓಡಿಸಿ. ಆಗಲೂ ಬಂದರೆ ಒತ್ತಡದ ಸೆನ್ಸರ್‌ನ ರಬ್ಬರ್ ನಳಿಕೆ ಬಿರಿದಿದೆಯಾ, ಇಂಜೆಕ್ಟರ್ ಸೋರುತ್ತಿದೆಯಾ ನೋಡಿಸಿ. ಡಿಪಿಎಫ್ ಹಿಂದಿನ ಸೈಲೆನ್ಸರ್ ಬದಲಿಸಿ ಇದಕ್ಕೆ ಪರಿಹಾರ ಸಿಗುವುದಿಲ್ಲ. ಇಂಜಿನ್ ಆಯಿಲ್ ಮಟ್ಟ ಏರಿದೆಯಾ ಅದನ್ನೂ ನೋಡಿ, ಅರ್ಧಕ್ಕೆ ನಿಂತ ರೀಜನರೇಷನ್‌ನಲ್ಲಿ ಡೀಸೆಲ್ ಆಯಿಲ್‌ಗೆ ಸೇರುತ್ತದೆ.

ಕಾಫಿಕಣ:
ತೀರ್ಮಾನ ಮಾಡಿದೆ: ಬಲಗಡೆ, ಹಿಂದಕ್ಕೆ ಬಾಯಿ, ಜೋಡಿ. ಬಾಕ್ಸ್ ಕಂಪನಿಯದ್ದೇ, ಬಾಲ ಮತ್ತು ಟಿಪ್ ಮಾತ್ರ ಹೊಸದಾಗಿ 304ರಲ್ಲಿ. ವೆಲ್ಡಿಂಗ್ ಮಾಡಿಸುವಾಗ ಪಕ್ಕದಲ್ಲಿ ನಿಂತು ಏನೇನು ನೋಡಬೇಕು?

ಟಿಗ್‌ಟಾರ್ಚ್:
ಮೊದಲು ಬ್ಯಾಟರಿ ನೆಗೆಟಿವ್ ಬಿಚ್ಚಿಸಿ, ಅರ್ಥಿಂಗ್ ಕ್ಲಾಂಪ್ ವೆಲ್ಡ್ ಜಾಗದ ಹತ್ತಿರದಲ್ಲೇ ಹಾಕಿಸಿ. ಅರ್ಥಿಂಗ್ ಮುಂದಿನ ಚಾಸಿಗೆ ಕೊಟ್ಟರೆ ಕರೆಂಟು ಬೇರಿಂಗ್, ಸೆನ್ಸರ್ ಎಲ್ಲ ಹಾದು ಹೋಗುತ್ತದೆ. ಗಾಡಿಯ ಮೇಲೆ ಬರೀ ಟ್ಯಾಕ್, ನಾಲ್ಕು ಚುಕ್ಕೆ ಸಾಕು. ಪೂರ್ತಿ ವೆಲ್ಡ್ ಕೆಳಗಿಳಿಸಿ ಬೆಂಚ್ ಮೇಲೆ ಆಗಲಿ, ಇಂಧನ ಟ್ಯಾಂಕಿನ ಹತ್ತಿರ ಕಿಡಿ ಬೇಡ.

304ಕ್ಕೆ ಟಿಗ್ (ಆರ್ಗಾನ್ ಗ್ಯಾಸಿನ ವೆಲ್ಡಿಂಗ್), ಫಿಲ್ಲರ್ (ಕರಗಿಸಿ ತುಂಬುವ ಕಡ್ಡಿ) 308ಎಲ್. ಕಂಪನಿ ಬಾಕ್ಸ್ 409 ಜಾತಿಯದ್ದಾದರೆ ಅದಕ್ಕೂ 304ಕ್ಕೂ ಸೇರುವ ಜಾಗದಲ್ಲಿ 309ಎಲ್. ಪೈಪಿನ ಎರಡೂ ತುದಿ ಮುಚ್ಚಿ ಒಳಗೆ ಆರ್ಗಾನ್ ತುಂಬಿಸಿ. ತುಂಬದಿದ್ದರೆ ಹೊರಗೆ ವೆಲ್ಡ್ ಚಂದ ಕಾಣುತ್ತದೆ, ಒಳಗೆ ಸಕ್ಕರೆ ಹರಳಿನ ಹಾಗೆ ಕರಕಲು ಕೂರುತ್ತದೆ, ತುಕ್ಕು ಅಲ್ಲಿಂದಲೇ ಶುರು. ಬೆಂಡ್ ಮ್ಯಾಂಡ್ರೆಲ್‌ನದ್ದೇ (ಪೈಪಿನೊಳಗೆ ಅಚ್ಚು ಇಟ್ಟು ಬಗ್ಗಿಸಿದ್ದೇ) ತರಿಸಿ. ಪ್ರೆಸ್‌ನಲ್ಲಿ ಬಗ್ಗಿಸಿದ್ದು ಬಾಗಿದಲ್ಲಿ ಚಪ್ಪಟೆ ಆಗುತ್ತದೆ, ಎರಡಿಂಚಿನ ಪೈಪು ಹೆಸರಿಗೆ ಮಾತ್ರ ಎರಡಿಂಚು.

ಬಾಕ್ಸ್ ಮತ್ತು ಬಾಲದ ನಡುವೆ ವೆಲ್ಡ್ ಬೇಡ, ಫ್ಲ್ಯಾಂಜ್ ಅಥವಾ 40ರಿಂದ 50 ಮಿ.ಮೀ. ಒಂದರೊಳಗೊಂದು ಕೂರುವ ಸ್ಲಿಪ್ ಜಾಯಿಂಟ್ ಮಾಡಿ, ಅಗಲದ ಬ್ಯಾಂಡ್ ಕ್ಲಾಂಪ್ ಹಾಕಿ. ಯು-ಬೋಲ್ಟ್ ಕ್ಲಾಂಪ್ ಪೈಪನ್ನು ಕಚ್ಚಿ ತಗ್ಗು ಮಾಡುತ್ತದೆ, ಮುಂದೆ ಬಿಚ್ಚಲಿಕ್ಕೆ ಕತ್ತರಿಸಲೇಬೇಕು. ಬಿಚ್ಚುವ ಹಾಗಿದ್ದರೆ ಬೇಕಾದಾಗ ಹಳೆಯ ಬಾಲ ವಾಪಸ್ ಹಾಕಬಹುದು, ಆದ್ದರಿಂದ ಹಳೆಯದನ್ನು ಗುಜರಿಗೆ ಕೊಡಬೇಡಿ. ಜೋಡಿಯಾಗಿ ಒಡೆಯುವ ಜಾಗದಲ್ಲಿ ನೇರ ಟಿ ಬೇಡ, ಪ್ರತಿ ಕಾಲೂ ನಡುಗೆರೆಯಿಂದ 15ರಿಂದ 20 ಡಿಗ್ರಿ ಮಾತ್ರ ಸರಿಯಲಿ. ಟಿಪ್ ಬಂಪರ್‌ನ ಪ್ಲಾಸ್ಟಿಕ್‌ನಿಂದ 30 ಮಿ.ಮೀ. ದೂರ, ಹಿಂದಕ್ಕೆ ಬಂಪರ್ ಅಂಚಿಗಿಂತ 20 ಮಿ.ಮೀ. ಹೊರಗೆ. ಒಳಗೇ ನಿಂತರೆ ಬಂಪರ್ ಕರಗುತ್ತದೆ, ಹೊಗೆ ಬೆಡ್ ಕೆಳಗೆ ಸುತ್ತುತ್ತದೆ.

ಸೋರಿಕೆ ನೋಡಲಿಕ್ಕೆ ಇಂಜಿನ್ ಓಡಿಸಬೇಕಾಗಿಲ್ಲ. ಒಂದು ಬಾಯಿ ಬಟ್ಟೆಯಿಂದ ಮುಚ್ಚಿ, ಇನ್ನೊಂದಕ್ಕೆ ಬ್ಲೋವರ್ ಹಿಡಿದು, ಜಾಯಿಂಟ್ ಮೇಲೆ ಸೋಪಿನ ನೀರು ಹಚ್ಚಿ. ಗುಳ್ಳೆ ಬಂದಲ್ಲಿ ಗುರುತು ಹಾಕಿ.

ನಾಪೋಕ್ಲು ಫೋರ್‌ವೀಲ್:
ಬಾಕ್ಸ್ ಹೊಸದಾದರೂ ಕೆಳಗೆ ನೀರು ಇಳಿಯುವ ಸಣ್ಣ ತೂತು ಇದೆಯಾ ನೋಡಿ. ಹಲವು ಕಂಪನಿ ಬಾಕ್ಸ್‌ಗಳಲ್ಲಿ ಇರುತ್ತದೆ. ಅದನ್ನು ಸೋರಿಕೆ ಎಂದುಕೊಂಡು ಸೈಲೆನ್ಸರ್ ಪೇಸ್ಟ್ ಮೆತ್ತುವವರಿದ್ದಾರೆ, ಮುಚ್ಚಬಾರದು. ಹೊಸ ಬಾಲದಲ್ಲಿ ತಗ್ಗು ಉಳಿದರೆ ಅಲ್ಲೂ 3 ಮಿ.ಮೀ. ತೂತು ಕೊಡಿಸಿ. ಅದಕ್ಕಿಂತ ಒಳ್ಳೆಯದು, ಬಾಲ ಪೂರ್ತಿ ಹಿಂದಕ್ಕೆ ಸ್ವಲ್ಪ ಇಳಿಜಾರಾಗಿರಲಿ, ನೀರು ತಾನೇ ಹೊರಗೆ ಹೋಗುತ್ತದೆ. ಕೆಸರಿನಲ್ಲಿ ಓಡಿದ ಮೇಲೆ ಆ ತೂತಿಗೆ ಒಂದು ತಂತಿ ಚುಚ್ಚಿ.

ಪಾಟಾಸೆಟ್:
ಕ್ಲಾಂಪ್ ಬೋಲ್ಟ್‌ಗಳನ್ನು ಮೊದಲ ಸಲ ಚೆನ್ನಾಗಿ ಬಿಸಿಯಾಗಿ ಆರಿದ ಮೇಲೆ ಒಮ್ಮೆ, 500 ಕಿಲೋಮೀಟರ್ ಆದಮೇಲೆ ಇನ್ನೊಮ್ಮೆ ಬಿಗಿಯಿರಿ. ಹಾಕುವಾಗಲೇ ನಟ್ಟಿಗೆ ಬಿಸಿ ತಡೆಯುವ ಆಂಟಿ-ಸೀಜ್ ಗ್ರೀಸ್ ಹಚ್ಚಿ, ಮಾಮೂಲಿ ಗ್ರೀಸ್ ಸುಟ್ಟುಹೋಗುತ್ತದೆ. ರಬ್ಬರ್ ಹ್ಯಾಂಗರ್ ಹಳೆಯದ್ದನ್ನೇ ಹಾಕಿಸಬೇಡಿ. ಬಾಕ್ಸ್ ಜೊತೆಗೇ ಹೊಸ ಸೆಟ್ ತರಿಸಿ, ಒಂದು ಜಾಸ್ತಿ ಗ್ಲೋವ್‌ಬಾಕ್ಸ್‌ನಲ್ಲಿ ಇರಲಿ.